ನಿಪ್ಪಲ್, ಡೈಪರ್ ಮತ್ತು ಆ ಸೋಮವಾರ

"ಸ್‌ಸ್‌ಸ್… ಸ್‌ಸ್‌ಸ್…"

ಈಗಲೂ ಎಲ್ಲಾದರೂ ಕುಕ್ಕರ್ ಕೂಗುವ ಮುಂಚೆ ಸಣ್ಣಗೆ ಉಸಿರು ಬಿಟ್ಟರೆ ನನ್ನ ಕಿವಿ ಮದ್ದೂರಿನ ಆ ಪ್ಲೇ ಹೋಮ್‌ನ ಹಿಂದಿನ ಬಚ್ಚಲಿಗೆ ಹೋಗಿಬಿಡುತ್ತದೆ. ಬೆಳಿಗ್ಗೆ ಹತ್ತೂಕಾಲು. ಆಯಮ್ಮ ಗೋಡೆಗೆ ಬೆನ್ನು ಕೊಟ್ಟು ಮೋಟು ಮಣೆಯ ಮೇಲೆ ಕೂತಿದ್ದಾಳೆ. ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿದ್ದಾಳೆ. ಎರಡು ಕಾಲೂ ಮುಂದಕ್ಕೆ ಚಾಚಿ, ಪಾದಗಳ ನಡುವೆ ಒಂದು ಗೇಣು ಜಾಗ ಬಿಟ್ಟಿದ್ದಾಳೆ. ಆ ಪಾದಗಳ ಮೇಲೆ, ಆಕೆಯ ಮುಖ ನೋಡುತ್ತಾ, ಚಡ್ಡಿಯಿಲ್ಲದ ಒಂದು ಮಗು. ಬಾಗಿಲ ಹೊರಗೆ ಸಾಲಿನಲ್ಲಿ ಇನ್ನೂ ಮೂವರು. ಆಕೆಯ ಬಾಯಿಂದ ಆ ಸದ್ದು ಬಂದು ಅರ್ಧ ನಿಮಿಷಕ್ಕೆ ಗಾರೆ ನೆಲದ ಮೇಲೆ ಇನ್ನೊಂದು ಸದ್ದು.

"ಕನ್ನಂಬಾಡಿ ಗೇಟ್ ಎತ್ತವ್ರೆ ಕಣ್ಲಾ," ಎನ್ನುತ್ತಿದ್ದಳು ಆಯಮ್ಮ. ಮಗು ತನ್ನ ಸಾಧನೆಯನ್ನು ತಾನೇ ಬಗ್ಗಿ ನೋಡುತ್ತಿತ್ತು.

ಆ ಸದ್ದು ನಿಲ್ಲಲು ಕಾರಣರಾದವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ವಯಸ್ಸಾದ ಮೇಲೆ ಕ್ಷಮಿಸುವುದನ್ನು ಕಲಿಯಬೇಕು ಎಂದು ಜನ ಹೇಳುತ್ತಾರೆ. ನನಗೆ ಎಪ್ಪತ್ತು ದಾಟಿದೆ, ಆದರೆ ಆ ವಯಸ್ಸು ಇನ್ನೂ ಬಂದಿಲ್ಲ.

ನಾನು ಅಲ್ಲಿ ಬೇಬಿ ರೂಮಿನ ಇನ್‌ಚಾರ್ಜ್ ಆಗಿದ್ದೆ. ಒಂದೂವರೆಯಿಂದ ಮೂರು ವರ್ಷದವರೆಗಿನ ಹನ್ನೊಂದು ಮಕ್ಕಳು, ನಾನು, ಆಯಮ್ಮ. ತಾಯಂದಿರಲ್ಲಿ ಹೆಚ್ಚಿನವರು ಗಾರ್ಮೆಂಟ್ಸ್‌ಗೆ ಹೋಗುವವರು, ಒಬ್ಬಿಬ್ಬರು ಬ್ಯಾಂಕಿನವರು. ಮಗುವನ್ನು ಸೇರಿಸುವ ದಿನ ಎಲ್ಲರ ಪ್ರಶ್ನೆಯೂ ಒಂದೇ. "ಡೈಪರ್ ಯಾವಾಗ ಬಿಡಿಸ್ಬೇಕು ಮಿಸ್? ನಿಪ್ಪಲ್ ಯಾವಾಗ?"

ನಾನು ಕ್ಯಾಲೆಂಡರ್ ನೋಡಬೇಡಿ, ಚಡ್ಡಿ ನೋಡಿ ಎನ್ನುತ್ತಿದ್ದೆ. ಹಗಲಿನಲ್ಲಿ ಎರಡು ಗಂಟೆ ಒಣಗಿ ಉಳಿಯುತ್ತದೆಯೇ? ಚಡ್ಡಿ ತಾನೇ ಕೆಳಗೆಳೆಯಲು ಬರುತ್ತದೆಯೇ? ಆಗುವ ಮುಂಚೆ ಮಾತಿನಲ್ಲೋ ಮುಖದಲ್ಲೋ ತಿಳಿಸುತ್ತದೆಯೇ? ಮೂರೂ ಕೂಡಿ ಬಂದಾಗ ಹೊತ್ತು ಬಂತು ಎಂದರ್ಥ. ಕೆಲವರಿಗೆ ಎರಡಕ್ಕೆ ಮುಂಚೆ ಬರುತ್ತದೆ, ಕೆಲವರಿಗೆ ಮೂರು ತುಂಬಿದ ಮೇಲೆ. ಅದಕ್ಕಾಗಿ ನಾನೊಂದು ಲಾಂಗ್ ಬುಕ್ ಇಟ್ಟಿದ್ದೆ. ಮಗುವಿಗೊಂದು ಪುಟ, ಪುಟಕ್ಕೆ ನಾಲ್ಕು ಕಾಲಂ: ನೀರು ಕುಡಿದ ಹೊತ್ತು, ಒದ್ದೆಯಾದ ಹೊತ್ತು, ನಡುವೆ ಒಣಗಿದ್ದ ಹೊತ್ತು, ಕೊನೆಯದು 'ಮುಖ'. ಒಬ್ಬ ಪರದೆಯ ಹಿಂದೆ ಹೋಗಿ ನಿಲ್ಲುತ್ತಾನೆ. ಒಬ್ಬಳು ಆಡುತ್ತಿದ್ದವಳು ಗಕ್ಕನೆ ನಿಂತು ಫ್ಯಾನ್ ನೋಡುತ್ತಾಳೆ. ಒಬ್ಬ ಕೆಳತುಟಿ ಕಚ್ಚುತ್ತಾನೆ. ಈ ಕಾಲಂ ಒಂದು ತಿಂಗಳು ತುಂಬಿದರೆ ಉಳಿದದ್ದು ಸುಲಭ.

ನಿಪ್ಪಲ್‌ನ ದಾರಿ ಬೇರೆ. ಮೊದಲು ಆಟದ ಹೊತ್ತಿನಲ್ಲಿ ಇಲ್ಲ, ಮಲಗುವಾಗ ಮಾತ್ರ. ಉಳಿದ ಹೊತ್ತು ಅದು ಮಗುವಿನ ಹೆಸರಿನ ಸ್ಟೀಲ್ ಡಬ್ಬಿಯಲ್ಲಿ ಇರುತ್ತದೆ. ಡಬ್ಬಿ ಮಗುವಿಗೆ ಕಾಣುವ ಗೂಡಿನಲ್ಲೇ ಇರಬೇಕು, ಬಚ್ಚಿಡಬಾರದು. ಆಮೇಲೆ ನಿದ್ದೆ ಹತ್ತಿದೊಡನೆ ಮೆಲ್ಲಗೆ ತೆಗೆಯುವುದು. ಕೊನೆಗೊಂದು ದಿನ ಡಬ್ಬಿ ಕೇಳುವುದನ್ನು ಮಗುವೇ ಮರೆಯುತ್ತದೆ.

ಇವೆಲ್ಲಕ್ಕಿಂತ ದೊಡ್ಡ ರೂಲ್ ಎಂದರೆ ಎರಡನ್ನೂ ಒಟ್ಟಿಗೆ ಬಿಡಿಸಕೂಡದು. ಒಂದು ಮುಗಿದು ಒಂದೆರಡು ತಿಂಗಳಾದ ಮೇಲೆ ಇನ್ನೊಂದು. ನಾನು ಇದನ್ನು ಪುಸ್ತಕಗಳಲ್ಲಿ ಓದಿದ್ದೆ. ಓದು ಬರದ ಆಯಮ್ಮ ಒಂದೇ ಮಾತಿನಲ್ಲಿ ಹೇಳಿದ್ದಳು. "ಎರಡೂ ಕೈಲಿರೋದ ಕಿತ್ಕಂಡ್ರೆ ಮಗ ಏನ್ ಇಡ್ಕಂಡು ಮನೀಕತ್ತದೆ ಮಿಸ್ಸೋರೆ?"

ಆ ವರ್ಷ ಪ್ಲೇ ಹೋಮ್ ಮಾಲೀಕರ ಸೊಸೆಯ ಕೈಗೆ ಬಂತು. ಮೂವತ್ತರ ಆಸುಪಾಸಿನ ಚುರುಕು ಹೆಣ್ಣು. ಎಲ್ಲರೂ ಮೇಡಂ ಎನ್ನುತ್ತಿದ್ದರು, ಆಕೆ ನನ್ನನ್ನು ಆಂಟಿ ಎನ್ನುತ್ತಿದ್ದಳು. ಕಂಡದ್ದನ್ನೆಲ್ಲ ಲ್ಯಾಮಿನೇಟ್ ಮಾಡಿಸುವ ಚಟ. ಅದೇ ಹೊತ್ತಿಗೆ ನಮ್ಮ ಬೀದಿಯ ತುದಿಯಲ್ಲೇ ಇನ್ನೊಂದು ಪ್ಲೇ ಹೋಮ್ ತೆರೆಯಿತು. ಏಪ್ರಿಲ್‌ನಲ್ಲಿ ಮೇಡಂ ಒಂದು ಸರ್ಕ್ಯುಲರ್‌ನ ಕರಡು ಹಿಡಿದು ಬಂದಳು. ಜೂನ್ ಮೊದಲ ಸೋಮವಾರದಿಂದ, ಎರಡು ವರ್ಷ ತುಂಬಿದ ಯಾವ ಮಗುವೂ ನಿಪ್ಪಲ್ ತರುವಂತಿಲ್ಲ, ಡೈಪರ್ ಹಾಕುವಂತಿಲ್ಲ. ಎರಡಕ್ಕೂ ಅದೇ ದಿನ.

"ಒಟ್ಟಿಗೆ ಬೇಡ ಮೇಡಂ," ಎಂದೆ. "ವಯಸ್ಸಿನ ಮೇಲೆ ಡೇಟ್ ಹಾಕೋದೂ ಬೇಡ."

"ಪೇರೆಂಟ್ಸ್ ರಿಸಲ್ಟ್ ಕೇಳ್ತಾರೆ ಆಂಟಿ. ಎಷ್ಟು ದಿನ ಮುಖ ನೋಡ್ಕೊಂಡು ಬರ್ಕೊಳ್ತಾ ಕೂರ್ತೀರಿ? ಸರಿ, ಇದರ ಇಂಗ್ಲಿಷ್ ಒಂದ್ಸಲ ನೋಡ್ಕೊಡಿ. ನಿಮ್ಮದು ಕಾನ್ವೆಂಟ್ ಇಂಗ್ಲಿಷ್, ನಮಗೆಲ್ಲಿ ಬರುತ್ತೆ."

ಇಲ್ಲಿ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ಆ ಕೊನೆಯ ಮಾತು ನನಗೆ ಹಿಡಿಸಿತು. ಮೈಸೂರಿನ ಬೋರ್ಡಿಂಗ್‌ನಲ್ಲಿ ಸಿಸ್ಟರ್‌ಗಳು ಕೋಲು ಹಿಡಿದು ಕಲಿಸಿದ ಇಂಗ್ಲಿಷನ್ನು ಮದ್ದೂರಿನಲ್ಲಿ ಯಾರು ಕೇಳುತ್ತಾರೆ? ಅಡ್ಮಿಷನ್ ಫಾರ್ಮ್ ತುಂಬಿಕೊಡುವುದಕ್ಕೆ ಬಿಟ್ಟರೆ ಅದಕ್ಕೆ ಕೆಲಸವೇ ಇರಲಿಲ್ಲ. ಮಕ್ಕಳು ಮಲಗಿದ ಮಧ್ಯಾಹ್ನ ಪೂರ್ತಿ ಕೂತು ಆ ಕರಡನ್ನು ಹೊಸದಾಗಿ ಬರೆದೆ. ಒಪ್ಪದ ವಿಷಯವನ್ನು ಅಷ್ಟು ಚೆಂದ ಮಾಡಿ ಬರೆದೆ. "ಎ ಜೆಂಟಲ್ ಅಂಡ್ ಹ್ಯಾಪಿ ಮೈಲ್‌ಸ್ಟೋನ್" ಎಂಬ ಮಾತು ನನ್ನದೇ. ತಾಯಂದಿರು ಅದನ್ನು ವಾಟ್ಸ್ಯಾಪ್‌ನಲ್ಲಿ ಒಬ್ಬರಿಗೊಬ್ಬರು ಕಳಿಸಿಕೊಂಡರು.

ಆಯಮ್ಮನ ಊರು ಕೊಪ್ಪ. ಅದೇ ಬೀದಿಯ ಒಂದು ಹೆಣ್ಣುಮಗು ನಮ್ಮಲ್ಲಿಗೆ ಬರುತ್ತಿತ್ತು, ಎರಡು ವರ್ಷ ಎರಡು ತಿಂಗಳಿನದು. ತಾಯಿ ಬೆಳಿಗ್ಗೆಯೇ ಗಾರ್ಮೆಂಟ್ಸ್ ಬಸ್ ಹತ್ತುವವಳಾದ್ದರಿಂದ ಆಯಮ್ಮನೇ ಮಗುವನ್ನು ಕಂಕುಳಲ್ಲಿ ಹಾಕಿಕೊಂಡು ಬಸ್ಸಿನಲ್ಲಿ ತಂದು, ಸಂಜೆ ಅದೇ ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದಳು. ಮಗುವಿನ ಮನೆಯಲ್ಲಿ ಕಣ್ಣು ಮಂಜಾದ ಅಜ್ಜಿಯೊಬ್ಬಳಿದ್ದಳು. ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿ ಕಳಿಸಿದ್ದಾರೆ ಎಂದ ಮೇಲೆ ಸರ್ಕಾರದ್ದೇ ಇರಬೇಕು ಎಂದುಕೊಂಡ ಆ ಅಜ್ಜಿ, ಭಾನುವಾರ ಸಂಜೆ ಮೊಲೆ ಬಿಡಿಸುವ ಹಳೆಯ ಪದ್ಧತಿಯಂತೆ ನಿಪ್ಪಲ್‌ಗೆ ಬೇವಿನೆಣ್ಣೆ ಸವರಿಬಿಟ್ಟಳು. ಮಗು ಬಾಯಿಗಿಟ್ಟು, ವಾಂತಿ ಮಾಡಿ, ಅತ್ತು ಅತ್ತು ಮಲಗಿತಂತೆ. ಸೋಮವಾರ ಗೇಟಿನಲ್ಲೇ ಡೈಪರ್ ಬಿಚ್ಚಿಸಿದರು.

ಗೋಡೆಯ ಮೇಲೆ ಮೇಡಂ ಒಂದು ಚಾರ್ಟ್ ಹಾಕಿಸಿದ್ದಳು. ಒಣಗಿದ್ದರೆ ಬಂಗಾರದ ನಕ್ಷತ್ರ, ಒದ್ದೆಯಾದರೆ ಕೆಂಪು ಚುಕ್ಕಿ.

ಆ ಮಗುವಿನ ಪುಟ ನನ್ನ ಹತ್ತಿರ ಇನ್ನೂ ಇದೆ. ಸೋಮವಾರ ನಾಲ್ಕು ಸಲ ಒದ್ದೆ. ಮಂಗಳವಾರ ಮೂರು. ಬುಧವಾರ ಬಂದಾಗಿನಿಂದ ಮಧ್ಯಾಹ್ನ ಒಂದರವರೆಗೆ ಇಲ್ಲವೇ ಇಲ್ಲ. ಮೇಡಂ ಚಾರ್ಟ್ ನೋಡಿ, "ಸೀ ಆಂಟಿ, ಇಟ್ ವರ್ಕ್ಸ್," ಎಂದಳು. ನಾನು ನಾಲ್ಕನೆಯ ಕಾಲಂ ನೋಡುತ್ತಿದ್ದೆ. ಫ್ಯಾನ್ ನೋಡುವ ಹುಡುಗಿ ಅವಳೇ. ಈಗ ಫ್ಯಾನ್ ನೋಡುತ್ತಿರಲಿಲ್ಲ, ಯಾರನ್ನೂ ನೋಡುತ್ತಿರಲಿಲ್ಲ. ಹತ್ತೂಕಾಲಿಗೆ ತಾನಾಗಿ ಓಡಿ ಹೋಗಿ ಆಯಮ್ಮನ ಕಾಲ ಮೇಲೆ ಕೂರುತ್ತಿದ್ದವಳು ಬಚ್ಚಲ ಬಾಗಿಲು ಕಂಡರೆ ಹಲಗೆಯಂತೆ ಸೆಟೆದುಕೊಳ್ಳುತ್ತಿದ್ದಳು.

"ಏಲು ಓಗಿ ಐದು ದಿನ ಆಯ್ತು ಮಿಸ್ಸೋರೆ," ಎಂದಳು ಆಯಮ್ಮ. "ಒಟ್ಟೆ ಮುಟ್ಟಿ ನೋಡಿ, ಕಲ್ಲಾಗದೆ. ಮಗ ಬಿಗಿ ಇಡ್ಕಂಡದೆ. ಬುಡಾಕೆ ಎದ್ರಿಕೆ ಅದ್ಕೆ."

ನಾನು ಅದನ್ನು ಮೇಡಂಗೆ ಹೇಳಿದೆ. ಹೇಳಿದೆ, ಅಷ್ಟೇ. ಬಾಗಿಲಲ್ಲಿ ನಿಂತು, ಒಳ್ಳೆಯ ಇಂಗ್ಲಿಷಿನಲ್ಲಿ. ಒಂದು ವಾರ ನೋಡೋಣ ಎಂದಳು, ಸರಿ ಎಂದೆ.

ಎರಡನೆಯ ಸೋಮವಾರ ಕಥೆಯ ಹೊತ್ತಿನಲ್ಲಿ ಮಗುವಿನ ಫ್ರಾಕ್ ಒದ್ದೆಯಾಯಿತು. ಹೊಸದಾಗಿ ಅಡ್ಮಿಷನ್ ಕೇಳಲು ಬಂದಿದ್ದ ದಂಪತಿಗೆ ಮೇಡಂ ಅದೇ ಹೊತ್ತಿನಲ್ಲಿ ರೂಮ್ ತೋರಿಸುತ್ತಿದ್ದಳು. ಕೆಂಪು ಚುಕ್ಕಿ ಅಂಟಿಸಿ, ಮಗುವನ್ನು ಹೊರಗಿನ ಬೆಂಚಿನ ಮೇಲೆ ಒದ್ದೆ ಫ್ರಾಕಿನಲ್ಲೇ ಕೂರಿಸಿದಳು. "ಲೆಟ್ ಹರ್ ಫೀಲ್ ಇಟ್, ಆಂಟಿ. ಆಗಲೇ ಕಲಿಯೋದು."

ಬಕೆಟ್ ಹಿಡಿದು ಬಂದ ಆಯಮ್ಮ ಬೆಂಚಿನ ಮುಂದೆ ನಿಂತಳು. ಬಕೆಟ್ ಕೆಳಗಿಟ್ಟಳು.

"ನೆಂದಿರೋ ಕೂಸ್ನ ಗಾಳೀಗೆ ಕೂರ್ಸವ್ರಲ್ಲ, ಇವರ್ ಮನೇಲಿ ಮಕ್ಕಳು ಮರಿ ಇಲ್ವಾ?"

ಅಡ್ಮಿಷನ್‌ಗೆ ಬಂದವರಿಗೂ ಕೇಳಿಸುವಂತೆಯೇ ಅಂದಳು. ಮಗುವನ್ನು ಎತ್ತಿಕೊಂಡು ಹೋಗಿ, ಬಿಸಿನೀರಿನಲ್ಲಿ ತೊಳೆದು, ನನ್ನ ಬೀರುವಿನಲ್ಲಿ ಉಳಿದಿದ್ದ ಡೈಪರ್ ಒಂದನ್ನು ತೆಗೆದು ಹಾಕಿದಳು. ಮಗು ಹತ್ತೇ ನಿಮಿಷಕ್ಕೆ ಅವಳ ಹೆಗಲ ಮೇಲೆ ಮಲಗಿತು.

ಮೂರು ಗಂಟೆಗೆ ಮೇಡಂ ಆಯಮ್ಮನನ್ನು ಕರೆಸಿ ನಾಳೆಯಿಂದ ಬರಬೇಡ ಎಂದಳು. ನಾನು ಅದೇ ಕೋಣೆಯಲ್ಲಿದ್ದೆ. ಬಾಯಿ ತೆರೆದಿದ್ದು ನಿಜ, ಆದರೆ ಮಾತನ್ನು ಮನಸ್ಸಿನಲ್ಲೇ ಜೋಡಿಸುತ್ತಾ ಕೂತೆ. ಅಷ್ಟರಲ್ಲಿ ಆಯಮ್ಮ ಬಚ್ಚಲಿಗೆ ಹೋಗಿ ತನ್ನ ಮಣೆ ತೆಗೆದುಕೊಂಡು ಬಂದಿದ್ದಳು. ಅದು ಆಕೆಯದೇ, ಮನೆಯಿಂದ ತಂದಿಟ್ಟದ್ದು. ಒಂದು ಕಂಕುಳಲ್ಲಿ ಮಗು, ಇನ್ನೊಂದರಲ್ಲಿ ಮಣೆ. ಗೇಟ್ ತೆಗೆಯಲು ಕೈ ಖಾಲಿ ಇರಲಿಲ್ಲ. ನಾನೇ ಹೋಗಿ ತೆಗೆದೆ.

ಎರಡು ದಿನ ಬಿಟ್ಟು ಮಗುವಿನ ತಾಯಿ ಮಂಡ್ಯದಿಂದ ಫೋನ್ ಮಾಡಿದಳು. ಮಕ್ಕಳ ಡಾಕ್ಟರ ಹತ್ತಿರ ಎನಿಮಾ ಕೊಡಿಸಬೇಕಾಗಿತ್ತಂತೆ, ಗಟ್ಟಿಯಾಗಿ ಒಳಗೆ ಹರಿದು ರಕ್ತ ಬಂದಿತ್ತಂತೆ. "ಎರಡನ್ನೂ ಒಂದೇ ದಿನ ನಿಲ್ಲಿಸು ಅಂತ ಯಾರಮ್ಮ ಡೇಟ್ ಹಾಕಿದ್ದು ಅಂದ್ರು ಮಿಸ್. ನಾನು ಆ ಪೇಪರ್ ತೋರುಸ್ದೆ. ಓದಿ, ಇಂಗ್ಲಿಷ್ ಏನೋ ಚೆನ್ನಾಗದೆ ಅಂದ್ರು."

ನಾನು ಕೆಲಸ ಬಿಡಬಹುದಿತ್ತು. ಬಿಡಲಿಲ್ಲ. ಹೊರಗೆ ಹೋದರೆ ಕಲ್ಲು ಬೀಸಲು ದೂರವಾಗುತ್ತದೆ ಎಂದು ಒಳಗೇ ಉಳಿದೆ. ಇದನ್ನು ಬರೆಯಲು ನನಗೆ ನಾಚಿಕೆಯಿಲ್ಲ. ದಿನಾ ಸಂಜೆ ಚಾರ್ಟಿನ ಫೋಟೋ ತೆಗೆದುಕೊಂಡೆ. ಸರ್ಕ್ಯುಲರ್‌ನ ಒಂದು ಪ್ರತಿ, ಲಾಂಗ್ ಬುಕ್‌ನ ಆ ಪುಟ, ಬೆಂಚಿನ ದಿನದ ಹೊತ್ತು, ಎಲ್ಲವನ್ನೂ ಒಂದು ಫೈಲಿನಲ್ಲಿ ಇಟ್ಟೆ. ಮೇಡಂ ಎದುರಾದಾಗಲೆಲ್ಲ ಗುಡ್ ಮಾರ್ನಿಂಗ್ ಎನ್ನುತ್ತಿದ್ದೆ. ಅವಳು ಎಲ್ಲಿ ಎಡವುತ್ತಾಳೆ ಎಂದು ಕಾದೆ. ಎರಡು ತಿಂಗಳು ಕಾದೆ.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ಮೇಡಂ ತನ್ನ ಮಗನನ್ನು ಕರೆತಂದಳು. ಅವನಿಗೆ ಮೂರು ವರ್ಷ ನಾಲ್ಕು ತಿಂಗಳು. ಮಳವಳ್ಳಿಯಲ್ಲಿ ಅವಳ ತಾಯಿಯ ಹತ್ತಿರ ಬೆಳೆಯುತ್ತಿದ್ದ. ಅಜ್ಜಿಗೆ ಕಣ್ಣಿನ ಆಪರೇಷನ್ ಆಗಿದ್ದರಿಂದ ಇಲ್ಲಿಗೆ ಬಂದಿದ್ದ. ಜೀನ್ಸ್ ಹಾಕಿದ್ದ, ಆ ಜೀನ್ಸ್ ಹಿಂದೆ ದಪ್ಪಗೆ ಉಬ್ಬಿತ್ತು. ಒಂದು ಕೆನ್ನೆಯೂ ಉಬ್ಬಿತ್ತು. ನೋಡಿದರೆ ಬಾಯಲ್ಲಿ ನಿಪ್ಪಲ್.

"ಆಂಟಿ, ಮೂರು ದಾಟಿದೆ, ಆದ್ರೂ ಸ್ವಲ್ಪ ದಿನ ನಿಮ್ಮ ಬೇಬಿ ರೂಮಲ್ಲೇ ಇರ್ಲಿ," ಎಂದಳು ಮೇಡಂ, ದನಿ ತಗ್ಗಿಸಿ. "ಅಮ್ಮ ಬಿಡಿಸಲೇ ಇಲ್ಲ. ಇಟ್ಸ್ ಜಸ್ಟ್ ಬಿಟ್ವೀನ್ ಅಸ್."

"ಆಫ್ ಕೋರ್ಸ್ ಮೇಡಂ," ಎಂದೆ.

ಆ ದಿನ ನನಗಾದ ಸಂತೋಷ ಯಾವ ಹಬ್ಬದಲ್ಲೂ ಆಗಿದ್ದಿಲ್ಲ. ಮುಂದಿನ ವಾರದ ಶನಿವಾರ ಪೇರೆಂಟ್ಸ್ ಮೀಟಿಂಗ್ ಇತ್ತು. ಹೊಸ ಟರ್ಮ್‌ನ ಚಾರ್ಟ್ ನಾನೇ ಬರೆಯಬೇಕಿತ್ತು. ಬೇಬಿ ರೂಮಿನ ಪ್ರತಿ ಮಗುವಿನ ಹೆಸರೂ ಚಾರ್ಟಿನಲ್ಲಿ ಇರಬೇಕು ಎಂದು ಲ್ಯಾಮಿನೇಟ್ ಮಾಡಿಸಿ ಹಾಕಿದ್ದವಳು ಮೇಡಂ. ನಾನು ಆಜ್ಞೆ ಪಾಲಿಸಿದೆ, ಅಷ್ಟೇ. ಸಿಸ್ಟರ್ ಕಲಿಸಿದ ಕರ್ಸಿವ್ ಅಕ್ಷರದಲ್ಲಿ ಎಲ್ಲರ ಹೆಸರು ಬರೆದು ಕೊನೆಯಲ್ಲಿ ಅವನದನ್ನು ಉಳಿದವರಿಗಿಂತ ತುಸು ದಪ್ಪಗೆ ಬರೆದೆ. ದಿನಕ್ಕೆರಡು, ಒಂದೊಂದು ದಿನ ಮೂರು ಕೆಂಪು ಚುಕ್ಕಿ. ಚಾರ್ಟನ್ನು ಬೀರುವಿನ ಬಾಗಿಲ ಒಳಗಡೆ ಅಂಟಿಸಿದ್ದೆ. ಶನಿವಾರ ಬೆಳಿಗ್ಗೆ ತೆಗೆದು ಗೋಡೆಗೆ ಹಾಕುವುದು ಎಂಬ ಲೆಕ್ಕ. ಯಾವ ತಾಯಿ ಎಲ್ಲಿ ಕೂರುತ್ತಾಳೆ, ಮೊದಲು ಯಾರ ಕಣ್ಣು ಬೀಳುತ್ತದೆ ಎಂಬುದನ್ನೂ ಕಲ್ಪಿಸಿಕೊಂಡಿದ್ದೆ.

ನಮ್ಮ ಬೋರ್ಡಿಂಗ್‌ನಲ್ಲಿ ಹಾಸಿಗೆ ಒದ್ದೆ ಮಾಡಿಕೊಂಡವರ ಹೆಸರನ್ನು ಬೆಳಗಿನ ಪ್ರೇಯರ್ ಆದ ಮೇಲೆ ಗಟ್ಟಿಯಾಗಿ ಓದುತ್ತಿದ್ದರು. ನನ್ನ ಹೆಸರು ಎಷ್ಟು ಸಲ ಬಂದಿತ್ತು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಆದರೆ ಚಾರ್ಟ್ ಬರೆಯುವಾಗ ಅದು ನೆನಪಿಗೆ ಬಂತು, ಆದರೂ ನಾನು ಬರೆದೆ ಎಂಬುದನ್ನು ಮಾತ್ರ ಹೇಳಬೇಕು.

ಶುಕ್ರವಾರ ಹನ್ನೊಂದರ ಸುಮಾರಿಗೆ ಬೀರು ತೆರೆದು ಟವೆಲ್ ತೆಗೆಯುತ್ತಿದ್ದೆ. ಹುಡುಗ ಬಂದು ಪಕ್ಕದಲ್ಲಿ ನಿಂತ. ಬಾಯಿಂದ ನಿಪ್ಪಲ್ ತೆಗೆದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ಬೆರಳನ್ನು ಕೆಂಪು ಚುಕ್ಕಿಗಳ ಮೇಲೆ ಒಂದೊಂದಾಗಿ ಇಡುತ್ತಾ ಹೋದ.

"ಇದು ನಂದಾ ಅಜ್ಜಿ?"

"ಹೂಂ."

"ಎಲ್ಲಾನೂ?"

"ಹೂಂ."

"ಕೆಂಪು ಬ್ಯಾಡ್ ಅಲ್ವಾ?"

ನಾನು ಟವೆಲ್ ಹುಡುಕಿದೆ. ಅವನು ನಿಪ್ಪಲ್ ಬಾಯಿಗಿಟ್ಟುಕೊಂಡು ಬಾಗಿಲ ಹಿಂದೆ ಹೋದ. ಎರಡೂ ಮಂಡಿ ಒಂದಕ್ಕೊಂದು ಒತ್ತಿ, ತುದಿಗಾಲಲ್ಲಿ ನಿಂತು, ಗೋಡೆಯನ್ನು ಹಿಡಿದುಕೊಂಡ. ಮೈ ಸಣ್ಣಗೆ ನಡುಗುತ್ತಿತ್ತು. ಮಲ ಬಿಗಿಹಿಡಿಯುವ ಮಗು ಹೀಗೇ ನಿಲ್ಲುತ್ತದೆ. ಕೊಪ್ಪದ ಮಗು ಹೀಗೇ ನಿಂತಿತ್ತು.

ಲಾಂಗ್ ಬುಕ್ ತೆಗೆದೆ. ಅವನ ಪುಟ. ಒದ್ದೆಯ ಕಾಲಂ ತುಂಬಿತ್ತು. ಎರಡಕ್ಕೆ ಹೋಗಿ ನಾಲ್ಕು ದಿನವಾಗಿತ್ತು. 'ಮುಖ' ಎಂಬ ಕಾಲಂ ಮೇಲಿನಿಂದ ಕೆಳಗಿನವರೆಗೆ ಖಾಲಿ. ಅಷ್ಟು ದಿನ ಆ ಹುಡುಗನನ್ನು ಎದುರಿಗಿಟ್ಟುಕೊಂಡು ನಾನು ಚುಕ್ಕಿ ಎಣಿಸಿದ್ದೆ. ಅವನ ಮುಖವನ್ನು ಒಮ್ಮೆಯೂ ನೋಡಿರಲಿಲ್ಲ.

ಚಾರ್ಟ್ ಕಿತ್ತು ನಾಲ್ಕು ಮಡಿಕೆ ಮಾಡಿ ಸೆರಗಿನೊಳಗೆ ಇಟ್ಟುಕೊಂಡೆ. ಸಿಟ್ಟು ಇಳಿದಿತ್ತು ಎಂದು ಯಾರೂ ತಿಳಿಯಬಾರದು. ಅದು ಹಾಗೇ ಇತ್ತು. ಹುಡುಗನ ಹೆಗಲ ಮೇಲೆ ಬಂದೂಕಿಟ್ಟು ಗುರಿ ಹಿಡಿಯುವುದು ಬೇಡ ಎಂದುಕೊಂಡೆ, ಅಷ್ಟೇ. ಲಾಂಗ್ ಬುಕ್ ಹಿಡಿದು ಮೇಡಂ ರೂಮಿಗೆ ಹೋಗಿ, ಈ ಸಲ ಬಾಗಿಲಲ್ಲಿ ನಿಲ್ಲದೆ, ಎದುರಿನ ಕುರ್ಚಿಯಲ್ಲಿ ಕೂತೆ.

"ನಿಮ್ಮ ಮಗ ನಾಲ್ಕು ದಿನದಿಂದ ಎರಡಕ್ಕೆ ಹೋಗಿಲ್ಲ. ಬಿಗಿ ಹಿಡಿದಿದ್ದಾನೆ. ಇವತ್ತೇ ಮಂಡ್ಯಕ್ಕೆ ಕರೆದುಕೊಂಡು ಹೋಗಿ, ಡಾಕ್ಟರಿಗೆ ತೋರಿಸಿ. ಕೊಪ್ಪದ ಹುಡುಗಿಯನ್ನು ನೋಡಿದ ಡಾಕ್ಟರೇ ಇದ್ದಾರೆ."

ಅವಳ ಮುಖ ಬಿಳಿಚಿತು. "ಮನೇಲಿ ನಾನೇ… ನಿನ್ನೆ ಪಾಟಿ ಸೀಟ್ ಮೇಲೆ ಒಂದು ಗಂಟೆ ಕೂರಿಸಿದ್ದೆ ಆಂಟಿ. ಹೊಡೆದೆ ಕೂಡ."

"ನಾಳೆ ಮೀಟಿಂಗ್‌ನಲ್ಲಿ ಆ ಸರ್ಕ್ಯುಲರ್ ವಾಪಸ್ ಅಂತ ನೀವೇ ಹೇಳಬೇಕು. ನಿಮ್ಮ ಬಾಯಲ್ಲಿ. ಬರೆದುಕೊಡೋಕೆ ನನ್ನನ್ನ ಕೇಳಬೇಡಿ."

ಶನಿವಾರ ಅವಳು ಎದ್ದು ನಿಂತು, ಪಾಲಿಸಿ ರಿವೈಸ್ ಆಗಿದೆ, ಇನ್ನು ಮೇಲೆ ಮಗುವನ್ನು ನೋಡಿಕೊಂಡು ಬಿಡಿಸುತ್ತೇವೆ, ಒಟ್ಟಿಗೆ ಬಿಡಿಸುವುದಿಲ್ಲ ಎಂದಳು. ತಪ್ಪಾಯಿತು ಎನ್ನಲಿಲ್ಲ. ತಾಯಂದಿರು ತಲೆಯಾಡಿಸಿ ಬಿಸ್ಕತ್ತು ತಿಂದರು. ಆ ಮಧ್ಯಾಹ್ನಕ್ಕಾಗಿ ಎರಡು ತಿಂಗಳು ಕಾದಿದ್ದೆ, ಅದು ಅಷ್ಟರಲ್ಲೇ ಮುಗಿಯಿತು.

ಡಾಕ್ಟರು ಮಲ ಮೆತ್ತಗಾಗುವ ಸಿರಪ್ ಕೊಟ್ಟು, ಬಲವಂತ ಬೇಡ, ಹೆದರದೆ ಕೂರುವ ಹಾಗೆ ಏನಾದರೂ ಮಾಡಿ ಎಂದು ಕಳಿಸಿದ್ದರು. ಹುಡುಗ ಪಾಟಿ ಸೀಟ್ ಕಂಡರೆ ಕಿರುಚುತ್ತಿದ್ದ.

"ಏನು ಮಾಡ್ಲಿ ಆಂಟಿ? ನೀವೇ ಒಂದ್ಸಲ ಕೂರಿಸಿ ನೋಡಿ," ಎಂದಳು ಮೇಡಂ.

"ನನ್ನ ಮಂಡಿ ಬಗ್ಗೋದಿಲ್ಲ. ಗೊತ್ತಿರೋದು ಒಬ್ಬಳಿಗೇ. ಕೊಪ್ಪದಲ್ಲಿದ್ದಾಳೆ."

ಮಂಡಿಯ ಮಾತು ನಿಜ. ಆದರೆ ಅದನ್ನು ಹೇಳುವಾಗ ನಾಲಿಗೆಗೆ ಸಿಕ್ಕ ರುಚಿಯೂ ನಿಜ.

ಭಾನುವಾರ ಅವಳ ಕಾರಿನಲ್ಲೇ ಹೋದೆವು. ಆಯಮ್ಮ ಮನೆ ಮುಂದೆ ಹಸುವಿಗೆ ಹುಲ್ಲು ಹಾಕುತ್ತಿದ್ದಳು. ಜಗಲಿಯ ಮೇಲೆ ಆ ಹೆಣ್ಣುಮಗು ತಟ್ಟೆಯಲ್ಲಿ ಮಂಡಕ್ಕಿ ಹರಡಿಕೊಂಡು ಕೂತಿತ್ತು. ಡೈಪರ್ ಹಾಕಿತ್ತು. ಕುತ್ತಿಗೆಯಲ್ಲಿ ದಾರಕ್ಕೆ ಕಟ್ಟಿದ ಹೊಸ ನಿಪ್ಪಲ್. ನನ್ನನ್ನು ನೋಡಿ ಎದ್ದು ಒಳಗೆ ಹೋಯಿತು.

"ಏನ್ ಮಿಸ್ಸೋರೆ, ದಾರಿ ತಪ್ತಾ?" ಎಂದಳು ಆಯಮ್ಮ. ಹಿಂದೆ ನೋಡಿದಳು. "ಓಹೋ. ದೊಡ್ಡೋರೂ ಅವ್ರೆ."

ಮೇಡಂ ಮಗನ ಕೈ ಹಿಡಿದು ನಿಂತಿದ್ದಳು.

"ಯಾರ್ ಮಗ ಇದು?"

"ನನ್ನ ಮಗ ಆಯಮ್ಮ."

"ಎಷ್ಟ್ ವರ್ಸ?"

"ಮೂರು… ಮೂರೂವರೆ ಆಗ್ತಾ ಬಂತು."

ಆಯಮ್ಮ ಹುಡುಗನ ಉಬ್ಬಿದ ಜೀನ್ಸ್ ನೋಡಿದಳು. ಬಾಯಿ ನೋಡಿದಳು. ನಾನು ಉಸಿರು ಬಿಗಿಹಿಡಿದು ಕಾಯುತ್ತಿದ್ದೆ. ಈಗ ಅನ್ನುತ್ತಾಳೆ, ಈಗ. ಬೆಂಚಿನ ದಿನದ ಮಾತಿಗೆ ಬಡ್ಡಿ ಸೇರಿಸಿ ಅನ್ನುತ್ತಾಳೆ. ನಾನು ಅಷ್ಟು ದೂರ ಬಂದದ್ದು ಅದಕ್ಕೇ.

ಆಯಮ್ಮ ಕೈ ತೊಳೆದುಕೊಂಡು ಒಳಗೆ ಹೋಗಿ ಮಣೆ ತಂದು ಬಚ್ಚಲ ಕಲ್ಲಿನ ಹತ್ತಿರ ಹಾಕಿದಳು. "ಕುಂತ್ಕಳಿ."

"ನಾನಾ?" ಎಂದಳು ಮೇಡಂ.

"ಮತ್ತೆ? ದಿನಾ ನಾನ್ ಬತ್ತೀನಾ ನಿಮ್ ಮನೆಗೆ? ಎತ್ತೋರ್ ಕಾಲು ಬೇಕು ಕಣವ್ವ ಮಗೀಗೆ. ಪ್ಯಾಂಟ್ ಮ್ಯಾಲಕ್ ಮಡಚ್ಕಳಿ. ಕಾಲ್ ನೀಡಿ. ಇಂಗಲ್ಲ, ಬಿಗೀ ಬ್ಯಾಡಿ, ನೀವೇ ಎದ್ರಿಕಂಡ್ರೆ ಮಗ ಎದ್ರಿಕಳ್ದೆ ಏನ್ ಮಾಡ್ತದೆ? ಪಾದದ ಮಧ್ಯೆ ಜಾಗ ಬುಡಿ. ಬಾರ್ಲಾ ನನ್ ರಾಜ, ನಿಮ್ಮವ್ವ ಕುರ್ಚಿ ಆಗವ್ಳೆ ನೋಡು."

ಹುಡುಗ ಅನುಮಾನದಿಂದಲೇ ಕೂತ. ಅವ್ವ ಕುರ್ಚಿಯಾದದ್ದು ಅವನಿಗೆ ಹೊಸ ತಮಾಷೆ.

"ಈಗ ಸದ್ದು ಮಾಡಿ."

"ಶ್‌ಶ್…"

"ಅದು ಮಾತಾಡ್ಬ್ಯಾಡ ಅನ್ನೋ ಸದ್ದು. ಕ್ಲಾಸಲ್ಲಿ ಮಾಡ್ತೀರಲ್ಲ ಅದು. ಅಲ್ಲು ಕಚ್ಚಿ, ಮೆಲ್ಲಗೆ, ಸ್‌ಸ್‌ಸ್…"

ಮೇಡಂ ಹಲ್ಲು ಕಚ್ಚಿ ಪ್ರಯತ್ನಿಸಿದಳು. ಮೂರನೆಯ ಸಲಕ್ಕೆ ಸದ್ದು ಸರಿಯಾಗಿ ಬಂತು. ಸ್ವಲ್ಪ ಹೊತ್ತಿಗೆ ಹುಡುಗನ ಹೆಗಲು ಸಡಿಲವಾಯಿತು. ಅವನ ಗುರಿ ಮಾತ್ರ ನೆಟ್ಟಗಿರಲಿಲ್ಲ. ಮೇಡಂನ ಕುರ್ತಾ, ಮೊಣಕೈ ಎಲ್ಲ ನೆನೆಯಿತು.

"ಕನ್ನಂಬಾಡಿ ಗೇಟ್ ಎತ್ತುದ್ರು," ಎಂದಳು ಆಯಮ್ಮ. "ಇವತ್ತಿಗ್ ಇಷ್ಟ್ ಸಾಕು. ಇನ್ನೊಂದು ನಾಳೆ ನಾಡಿದ್ದು ತಾನಾಗ್ ಬತ್ತದೆ. ಆತ್ರ ಬೀಳ್ಬ್ಯಾಡಿ."

ಮೇಡಂ ನಕ್ಕಳು. ಒದ್ದೆ ಕುರ್ತಾದಲ್ಲಿ ಕೂತು, ಮಗನ ಹಣೆಗೆ ಹಣೆ ತಾಗಿಸಿ ನಗುತ್ತಿದ್ದಳು. ಅದು ನನಗೆ ಹಿಡಿಸಲಿಲ್ಲ. ನಾನು ಅವಳನ್ನು ಅಳಿಸುವುದಕ್ಕೆ ಕರೆದುಕೊಂಡು 
ಹೋಗಿದ್ದೆ.

ಹೊರಡುವಾಗ ಮೇಡಂ ಕೈ ಮುಗಿದು, "ವಾಪಸ್ ಬಂದ್ಬಿಡಿ ಆಯಮ್ಮ, ತಪ್ಪಾಯ್ತು," ಎಂದಳು. ಪೇರೆಂಟ್ಸ್ ಮುಂದೆ ಬಾರದ ಮಾತು ಅಲ್ಲಿ ಬಂತು.

"ಬರಾಕಿಲ್ಲ ಕಣವ್ವ. ಇವ್ಳನ್ನ ಬುಟ್ಟು ಎಲ್ಲಿಗ್ ಬರ್ಲಿ? ಇವ್ಳು ಇನ್ನೂ ಬಚ್ಚಲ್ ಕಡೀಕೆ ತಲೆ ಆಕ್ತಿಲ್ಲ. ನಾನ್ ನೋಡ್ಕಂಡ್ರೆ ಇವರವ್ವ ಗಾರ್ಮೆಂಟ್ಸ್‌ಗೆ ಓಯ್ತಾಳೆ. ಇಲ್ದಿದ್ರೆ ಅದೂ ಇಲ್ಲ."

ಮೇಡಂ ಮಗನನ್ನು ಕಾರಿನಲ್ಲಿ ಕೂರಿಸಲು ಹೋದಳು. ನಾನು ಉಳಿದೆ. ಆಯಮ್ಮ ಮಣೆಗೆ ನೀರು ಹಾಕಿ ಉಜ್ಜುತ್ತಿದ್ದಳು. ತಲೆ ಎತ್ತಲಿಲ್ಲ.

"ಆ ಇಂಗ್ಲೀಸ್ ಕಾಗ್ದ ನೀವೇ ಬರ್ದಿದ್ದಂತೆ ಮಿಸ್ಸೋರೆ."

"ಬರೆದದ್ದಲ್ಲ ಆಯಮ್ಮ. ತಿದ್ದಿಕೊಟ್ಟೆ."

"ಊಂ." ಇನ್ನೊಂದು ಚೊಂಬು ನೀರು ಹಾಕಿದಳು. "ಅವಮ್ಮಂಗೆ ಗೊತ್ತಿರ್ನಿಲ್ಲ. ನಿಮಗ್ ಗೊತ್ತಿತ್ತು."

ಇಷ್ಟೇ ಅಂದದ್ದು. ಕಾರಿನಲ್ಲಿ ಮೇಡಂ ದಾರಿಯುದ್ದಕ್ಕೂ ಏನೇನೋ ಹೇಳುತ್ತಿದ್ದಳು. ನಾನು ಹೂಂಗುಟ್ಟಿದೆ. ಶುಕ್ರವಾರ ಸೆರಗಿನಲ್ಲಿ ತಂದಿಟ್ಟಿದ್ದ ಆ ಚಾರ್ಟನ್ನು ಮನೆಗೆ ಬಂದು ಒಲೆಗೆ ಹಾಕಬೇಕೆಂದುಕೊಂಡೆ. ಹಾಕಲಿಲ್ಲ. ಫೈಲಿನಲ್ಲಿ ಎಲ್ಲದರ ಮೇಲೆ ಇಟ್ಟಿದ್ದೇನೆ. ಮೇಡಂ ವಿರುದ್ಧ ಜೋಡಿಸಿದ ಫೈಲಿನಲ್ಲಿ ನನ್ನ ಕೈಬರಹವೇ ಹೆಚ್ಚಾಗಿದೆ.

ದಸರಾ ರಜೆಗೆ ನಾನು ಕೆಲಸ ಬಿಟ್ಟೆ. ಹುಡುಗ ಅಷ್ಟರಲ್ಲಿ ಹಗಲಿನ ಡೈಪರ್ ಬಿಟ್ಟಿದ್ದ. ನಿಪ್ಪಲನ್ನು ಮಲಗುವಾಗ ಕೇಳುತ್ತಿದ್ದ, ಕೊಡುತ್ತಿದ್ದರು. ಮೇಡಂ ಈಗ ನನ್ನ ನಾಲ್ಕು ಕಾಲಂ ಅಚ್ಚು ಹಾಕಿಸಿ, ಲ್ಯಾಮಿನೇಟ್ ಮಾಡಿಸಿ ಗೋಡೆಗೆ ಹಾಕಿದ್ದಾಳೆ ಎಂದು ಕೇಳಿದೆ. ಅದಕ್ಕೂ ನನಗೆ ಸಿಟ್ಟಿದೆ.

ಆಯಮ್ಮನನ್ನು ಕೊನೆಯ ಸಲ ನೋಡಿದ್ದು ಸಂಕ್ರಾಂತಿಯ ಹಿಂದಿನ ವಾರ. ಕೊಪ್ಪಕ್ಕೆಂದೇ ಟಿಕೆಟ್ ತೆಗೆದು ಮದ್ದೂರಿನಲ್ಲಿ ಬಸ್ ಹತ್ತಿದ್ದೆ. ಅವಳ ಮನೆಗೇ ಹೊರಟಿದ್ದೆ. ಏನು ಹೇಳಬೇಕು ಎಂಬುದನ್ನು ಈ ಸಲ ಕನ್ನಡದಲ್ಲೇ ಜೋಡಿಸಿಕೊಂಡಿದ್ದೆ. ಬಸ್ ಹೊರಟು ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಒಂದು ಸಣ್ಣ ದನಿ ಕೇಳಿತು. "ಅಮ್ಮೋ, ಉಚ್ಚೆ."

"ನಿಲ್ಸಪ್ಪಾ ಬಸ್ಸು," ಎಂದಿತು ಗುರುತಿನ ಗಂಟಲು.

"ಏನಮ್ಮೋ, ಸ್ಟಾಪಾ ಇದು?" ಎಂದ ಕಂಡಕ್ಟರ್.

"ನಿನ್ ಸೀಟ್ ಮ್ಯಾಲೆ ಉಯ್ಸ್ಲಾ? ಏಳ್ ತಿಂಗ್ಳಿಗೆ ಬಾಯ್ ಬುಟ್ಟು ಕೇಳ್ತಾ ಅದೆ ಮಗ. ನಿಲ್ಸಲೇ."

ಬಸ್ ನಕ್ಕಿತು, ನಿಂತಿತು. ಕಬ್ಬಿನ ಗದ್ದೆಯ ಬದುವಿನ ಹತ್ತಿರ ಇಬ್ಬರೂ ಇಳಿದರು. ಹುಡುಗಿ ತಾನೇ ಚಡ್ಡಿ ಕೆಳಗೆಳೆದಳು. ಕುತ್ತಿಗೆಯಲ್ಲಿ ದಾರವಿರಲಿಲ್ಲ. ಕಿಟಕಿಯಿಂದ ಸದ್ದು ಕೇಳಿಸೀತು ಎಂದು ಕಿವಿಗೊಟ್ಟೆ. ಡ್ರೈವರ್ ಎಂಜಿನ್ ಆರಿಸಿರಲಿಲ್ಲ.

ಮುಂದಿನ ಬಾಗಿಲಿಂದ ಹತ್ತಿದ ಆಯಮ್ಮ ನನ್ನನ್ನು ನೋಡಿದಳು. ಹಿಂದೆ ಅವರ ಸೀಟಿನಲ್ಲಿ ಆಗಲೇ ಯಾರೋ ಕೂತಿದ್ದರು. ನನ್ನ ಪಕ್ಕ ಖಾಲಿ ಇತ್ತು. ನಾನು ಕಿಟಕಿಯ ಕಡೆಗೆ ಜರುಗಿದೆ. ಅವಳು ಮಗುವನ್ನು ಎತ್ತಿ ನನ್ನ ಪಕ್ಕದಲ್ಲಿ ಕೂರಿಸಿ, ಲಂಗ ಸರಿಮಾಡಿದಳು. ಮಗುವನ್ನು ತೊಡೆಯ ಮೇಲಿಟ್ಟುಕೊಂಡರೆ ಅವಳಿಗೂ ಜಾಗವಿತ್ತು.

ಅವಳು ಮೇಲಿನ ಕಂಬಿ ಹಿಡಿದು ಕೊಪ್ಪದವರೆಗೂ ನಿಂತೇ ಬಂದಳು.